ಪ್ರೀಕ್ವೆಲ್ಲೋ, ಸೀಕ್ವೆಲ್ಲೋ? ‘ಡಿವಿನಿಟಿ: ಒರಿಜಿನಲ್ ಸಿನ್’ ಕೊಳ್ಳುವ ಮುನ್ನ

ಜೂನ್ ಕೊನೆಗೆ, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಸಮ್ಮರ್ ಸೇಲ್ ಬರುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಮಳೆ ಗಟ್ಟಿಯಾಗಿ ಹಿಡಿದಿರುತ್ತದೆ. ಮಣಿಪಾಲದ ರೂಮು, ಸುರತ್ಕಲ್ಲಿನ ಹಾಸ್ಟೆಲ್ಲು, ಮಂಗಳೂರಿನ ಮನೆ, ಎಲ್ಲೇ ಇರಲಿ, ಉದ್ದದ ಆಟವೊಂದನ್ನು ಹಿಡಿದು ಕೂರಲು ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ. ಆಗ ತಪ್ಪದೆ ಕೇಳಿಬರುವ ಪ್ರಶ್ನೆ ಒಂದಿದೆ: ಪಾತ್ರಗಳ ತಂಡ ಕಟ್ಟಿ ಆಡುವ ಆಟಗಳಲ್ಲಿ, ಲಾರಿಯನ್ ಸ್ಟುಡಿಯೋಸ್‌ನ ‘ಡಿವಿನಿಟಿ: ಒರಿಜಿನಲ್ ಸಿನ್’ ತೆಗೆದುಕೊಳ್ಳುವುದೋ, ‘ಒರಿಜಿನಲ್ ಸಿನ್ 2’ ತೆಗೆದುಕೊಳ್ಳುವುದೋ? ‘ಬಾಲ್ಡರ್ಸ್ ಗೇಟ್ 3’ ಮುಗಿಸಿ, ಅದೇ ಕಂಪನಿಯ ಹಳೆಯ ಆಟಗಳ ಕಡೆ ತಿರುಗಿದವರು ಇದನ್ನು ಹೆಚ್ಚು ಕೇಳುತ್ತಾರೆ.

ಉತ್ತರ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಳ್ಳುವುದು ಒಂದೇ, ಆಡುವುದು ಒಬ್ಬರೇ ಎಂದಾದರೆ ಎರಡನೆಯದು. ಎರಡನ್ನೂ ಆಡುವ ಉಮೇದು ಇದ್ದರೆ ಮೊದಲನೆಯದರಿಂದ ಶುರು ಮಾಡಿ. ಇಬ್ಬರು ಜೊತೆಗೆ ಕೂತು ಆಡುವವರು, ಲ್ಯಾಪ್‌ಟಾಪ್ ಹಳೆಯದಾಗಿರುವವರು ಯೋಚನೆ ಮಾಡದೆ ಮೊದಲನೆಯದಕ್ಕೇ ಹೋಗಬಹುದು. ಈ ತೀರ್ಮಾನಕ್ಕೆ ಕಥೆಯ ಹಿಂದುಮುಂದು ಕಾರಣವಲ್ಲ. ಕಾರಣ ಇರುವುದು ಕಾಳಗದ ನಿಯಮಗಳಲ್ಲಿ.

ಆದರೂ ಕಥೆಯ ಲೆಕ್ಕ ಚುಟುಕಾಗಿ ಹೇಳಬೇಕು. ಈ ಸರಣಿಯ ಮೊದಲ ಆಟ 2002ರ ‘ಡಿವೈನ್ ಡಿವಿನಿಟಿ’. 2014ರ ಜೂನ್ 30ರಂದು ಬಂದ ‘ಒರಿಜಿನಲ್ ಸಿನ್’ ಅದಕ್ಕಿಂತ ನೂರಾರು ವರ್ಷ ಹಿಂದಿನ ಕಥೆ. ಅದಕ್ಕೇ ಅದು ಪ್ರೀಕ್ವೆಲ್. 2017ರ ಸೆಪ್ಟೆಂಬರ್ 14ರಂದು ಬಂದ ‘ಒರಿಜಿನಲ್ ಸಿನ್ 2’ರ ಕಥೆ ನಡೆಯುವುದು ‘ಡಿವೈನ್ ಡಿವಿನಿಟಿ’ಯ ನಂತರ. ಲೋಕ ಒಂದೇ, ರಿವೆಲಾನ್. ಸೋರ್ಸ್ ಎಂಬ ಮಾಂತ್ರಿಕ ಶಕ್ತಿಯೂ ಒಂದೇ. ಮೊದಲನೆಯದರಲ್ಲಿ ಸೋರ್ಸ್ ಬಳಸುವವರನ್ನು ಬೇಟೆಯಾಡುವ ಇಬ್ಬರು ನೀವು. ಎರಡನೆಯದರಲ್ಲಿ ಸೋರ್ಸ್ ಇರುವ ಕಾರಣಕ್ಕೇ ಕುತ್ತಿಗೆಗೆ ಪಟ್ಟಿ ಹಾಕಿಸಿಕೊಂಡು ಕೈದಿಗಳ ಹಡಗಿನಲ್ಲಿ ಹೋಗುತ್ತಿರುವವರೂ ನೀವೇ. ಬ್ರಾಕಸ್ ರೆಕ್ಸ್‌ನಂಥ ಒಂದೆರಡು ಹೆಸರು ಎರಡರಲ್ಲೂ ಬರುತ್ತವೆ, ಗೊತ್ತಿದ್ದವರಿಗೆ ಒಂದಿಷ್ಟು ಹೆಚ್ಚಿನ ಖುಷಿ, ಅಷ್ಟೆ. ಕರ್ಣಾರ್ಜುನರ ಪ್ರಸಂಗ ನೋಡಲು ಹೋಗುವವರು ಹಿಂದಿನ ರಾತ್ರಿ ಅಭಿಮನ್ಯುವಿನ ಪ್ರಸಂಗ ನೋಡಿರಬೇಕೆಂದೇನೂ ಇಲ್ಲವಲ್ಲ, ಇಲ್ಲಿಯೂ ಹಾಗೆಯೇ. ಕಥೆ ಅರ್ಥವಾಗದೆ ಹೋದೀತು ಎಂಬ ಹೆದರಿಕೆಯಿಂದ ಯಾವುದನ್ನೂ ಮೊದಲು ಆಡಬೇಕಿಲ್ಲ.

ಕೊಳ್ಳುವಾಗ ಆವೃತ್ತಿ ನೋಡಿಕೊಳ್ಳಿ. ಮೊದಲನೆಯದಕ್ಕೆ 2015ರ ಅಕ್ಟೋಬರ್‌ನಲ್ಲಿ ಬಂದ ಎನ್‌ಹ್ಯಾನ್ಸ್ಡ್ ಎಡಿಷನ್ ಬೇಕು. ಸಂಭಾಷಣೆಗೆಲ್ಲ ಧ್ವನಿ, ಕಂಟ್ರೋಲರ್ ಸೌಲಭ್ಯ, ಒಂದೇ ಪರದೆಯಲ್ಲಿ ಇಬ್ಬರು ಆಡುವ ವ್ಯವಸ್ಥೆ, ಇವು ಬಂದದ್ದು ಅದರಲ್ಲಿ. ಎರಡನೆಯದಕ್ಕೆ 2018ರ ಆಗಸ್ಟ್ 31ರ ಡೆಫಿನಿಟಿವ್ ಎಡಿಷನ್. ಸ್ಟೀಮ್‌ನಲ್ಲಿ ಎರಡನೆಯದನ್ನು ತೆರೆದಾಗ ಕ್ಲಾಸಿಕ್ ಬೇಕೋ ಡೆಫಿನಿಟಿವ್ ಬೇಕೋ ಎಂದು ಕೇಳುತ್ತದೆ. ಡೆಫಿನಿಟಿವ್ ಒತ್ತಿ, ಕ್ಲಾಸಿಕ್‌ನ ಸೇವ್ ಫೈಲು ಆಮೇಲೆ ಇದರಲ್ಲಿ ತೆರೆಯುವುದಿಲ್ಲ.

ಇನ್ನು ಕಾಳಗ. ಎರಡೂ ಸರದಿಯ ಮೇಲೆ ನಡೆಯುವ ಆಟಗಳು. ಎರಡರಲ್ಲೂ ಆ್ಯಕ್ಷನ್ ಪಾಯಿಂಟ್, ಅಂದರೆ ಎಪಿ, ಖರ್ಚು ಮಾಡಿ ನಡೆಯಬೇಕು, ಹೊಡೆಯಬೇಕು, ಮಂತ್ರ ಹಾಕಬೇಕು. ಎರಡರಲ್ಲೂ ನೆಲವೇ ಆಯುಧ: ಎಣ್ಣೆಗೆ ಬೆಂಕಿ ಬಿದ್ದರೆ ಉರಿ, ವಿಷಕ್ಕೆ ಬೆಂಕಿ ತಗುಲಿದರೆ ಸ್ಫೋಟ, ಬೆಂಕಿಗೆ ನೀರು ಬಿದ್ದರೆ ಕಣ್ಣು ಕಟ್ಟುವ ಹಬೆ, ನೀರಿಗೆ ಸಿಡಿಲು ಬಡಿದರೆ ಅದರಲ್ಲಿ ನಿಂತವರೆಲ್ಲ ಸ್ತಬ್ಧ. ಇಷ್ಟು ಸಮಾನ. ಶತ್ರುವಿನ ಸರದಿಯನ್ನು ಕಸಿದುಕೊಳ್ಳುವುದು ಹೇಗೆ ಎಂಬಲ್ಲಿಗೆ ಬಂದಾಗ ಎರಡೂ ಬೇರೆ ಬೇರೆ ಆಟಗಳಾಗುತ್ತವೆ.

ಮೊದಲನೆಯದರಲ್ಲಿ ಅದು ಸಂಭವನೀಯತೆಯ ವಿಷಯ. ನೀರಿನ ಮಂತ್ರಗಳ ಹೈಡ್ರೋಸಾಫಿಸ್ಟ್ ಪಾತ್ರ ಮೊದಲು ಮಳೆ ಬರಿಸುತ್ತದೆ, ಶತ್ರುಗಳೆಲ್ಲ ಒದ್ದೆ. ಒದ್ದೆಯಾದವರನ್ನು ಹೆಪ್ಪುಗಟ್ಟಿಸುವುದೂ ಸ್ತಬ್ಧಗೊಳಿಸುವುದೂ ಸುಲಭ. ಗಾಳಿ-ಮಿಂಚಿನ ಮಂತ್ರಗಳ ಏರೋಥರ್ಜ್ ಪಾತ್ರ ಒಂದು ಮಿಂಚು ಬಿಟ್ಟರೆ ನೆಲದ ನೀರಿಗೆ ವಿದ್ಯುತ್ ಹರಿದು, ನಾಲ್ಕು ಜನ ನಿಂತಲ್ಲೇ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲೇ ಇದು ಸಾಧ್ಯ. ಶತ್ರುವಿನ ಬಾಡಿಬಿಲ್ಡಿಂಗ್ ಎಂಬ ಗುಣ ದೇಹದ ಮೇಲಿನ ಇಂಥ ದಾಳಿಯನ್ನು ತಡೆಯುತ್ತದೆ, ವಿಲ್‌ಪವರ್ ಮನಸ್ಸಿನ ಮೇಲಿನದನ್ನು. ಅವು ಕಡಿಮೆ ಇದ್ದವರನ್ನು ಹುಡುಕಿ ಹೊಡೆಯುವುದೇ ಜಾಣತನ. ಆದರೆ ಅದೇ ನೀರಿನಲ್ಲಿ ನಿಮ್ಮ ಕತ್ತಿಯವನೂ ನಿಂತಿದ್ದರೆ ಅವನೂ ಸ್ತಬ್ಧನಾಗುತ್ತಾನೆ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ: ಕತ್ತಿಯವನನ್ನು ಮೊದಲು ಮುಂದೆ ಓಡಿಸಿ, ಆಮೇಲೆ ಮಳೆ, ಮಿಂಚು ಎನ್ನುತ್ತಾರೆ. ಕ್ರಮ ತಿರುಗಬೇಕು. ಮಂತ್ರದವರ ಸರದಿ ಮುಗಿಯುವ ತನಕ ಅವನು ಹಿಂದೆಯೇ ಇರಲಿ. ಉಳಿಸಿದ ಎಪಿ ಮುಂದಿನ ಸರದಿಗೆ ಜಮೆಯಾಗುತ್ತದೆ, ಕಾದದ್ದು ನಷ್ಟವಲ್ಲ.

ಈ ವ್ಯವಸ್ಥೆಯ ಸೊಗಸೂ ದೋಷವೂ ಒಂದೇ ಜಾಗದಲ್ಲಿವೆ. ಆರಂಭದಲ್ಲಿ, ಸೈಸೀಲ್ ಪಟ್ಟಣದ ಹೊರಗೆ ಸತ್ತವರು ಎದ್ದು ಬರುವ ಹೊಲಗಳಲ್ಲಿ, ಪ್ರತಿ ಕಾಳಗ ಒಂದೊಂದು ಒಗಟು. ಆ ಎದ್ದುಬಂದ ಹೆಣಗಳಿಗೆ ವಿಷ ಹಾಕಿದರೆ ಸಾಯುವ ಬದಲು ಚೇತರಿಸಿಕೊಳ್ಳುತ್ತವೆ ಎಂದು ಗೊತ್ತಾಗುವುದೂ ಅಲ್ಲಿಯೇ. ಮುಂದೆ ನಿಮ್ಮ ಸ್ಪೀಡ್ ಏರಿ ಸರದಿಗೆ ಸಿಗುವ ಎಪಿ ಹೆಚ್ಚಾದಂತೆ, ಮಂತ್ರಗಳ ಯಶಸ್ಸೂ ಹೆಚ್ಚಾಗಿ, ಶತ್ರುಗಳಿಗೆ ಸರದಿಯೇ ಸಿಗದ ಸ್ಥಿತಿ ಬರುತ್ತದೆ. ಅರ್ಧ ದಾಟಿದ ಮೇಲೆ ಕ್ಲಾಸಿಕ್ ಎಂಬ ಸಾಮಾನ್ಯ ಕಷ್ಟದ ಮಟ್ಟದಲ್ಲಿ ಆಡುವವರಿಗೆ ಬಿಗಿ ಕಡಿಮೆಯಾಗುತ್ತದೆ. ಮೊದಲ ಮೂರನೇ ಒಂದು ಭಾಗ ಈ ಜಾತಿಯ ಆಟಗಳಲ್ಲೇ ಅತ್ಯುತ್ತಮ. ಕೊನೆಯ ಭಾಗಕ್ಕೆ ಆ ಮಾತು ಹೇಳಲಾಗದು.

ಲಾರಿಯನ್‌ನವರು ಎರಡನೆಯದರಲ್ಲಿ ಇದನ್ನೇ ಸರಿಪಡಿಸಲು ಹೊರಟರು. ಇಲ್ಲಿ ಎಪಿ ಸರಳ: ಸರದಿಗೆ ನಾಲ್ಕು, ಕೂಡಿಡಬಹುದಾದದ್ದು ಆರು. ಹೊಡೆತಕ್ಕೆ ಸಾಮಾನ್ಯವಾಗಿ ಎರಡು. ಪ್ರತಿಯೊಬ್ಬರಿಗೂ ಜೀವಬಲದ ಮೇಲೆ ಎರಡು ರಕ್ಷಾಕವಚ: ಒಂದು ಫಿಸಿಕಲ್ ಆರ್ಮರ್, ಇನ್ನೊಂದು ಮ್ಯಾಜಿಕ್ ಆರ್ಮರ್. ಕೆಡವುವ ಹೊಡೆತ ಫಲಿಸಬೇಕಾದರೆ ಫಿಸಿಕಲ್ ಸೊನ್ನೆಯಾಗಿರಬೇಕು. ಹೆಪ್ಪುಗಟ್ಟಿಸಲು, ಸ್ತಬ್ಧಗೊಳಿಸಲು ಮ್ಯಾಜಿಕ್ ಸೊನ್ನೆಯಾಗಿರಬೇಕು. ಸೊನ್ನೆಯಾದ ಮೇಲೆ ಅದೃಷ್ಟದ ಮಾತಿಲ್ಲ, ಖಂಡಿತ ತಗುಲುತ್ತದೆ. ಒಂದೇ ಒಂದು ಪಾಯಿಂಟ್ ಉಳಿದಿದ್ದರೂ ತಗುಲುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಎದುರಾಳಿಗೆ ಫಿಸಿಕಲ್ 60, ಮ್ಯಾಜಿಕ್ 60 ಇದೆ ಎನ್ನೋಣ. ನಿಮ್ಮ ಒಂದು ಹೊಡೆತ 20. ನಾಲ್ವರಲ್ಲಿ ಇಬ್ಬರು ಕತ್ತಿಯವರು, ಇಬ್ಬರು ಮಂತ್ರದವರು ಇದ್ದು ಒಬ್ಬೊಬ್ಬರು ಒಂದು ಸಲ ಅವನನ್ನೇ ಹೊಡೆದರೆ ಎರಡೂ ಕವಚ 20ಕ್ಕೆ ಬಂದು ನಿಲ್ಲುತ್ತವೆ. ಜೀವಬಲಕ್ಕೆ ಗೀರೂ ಬಿದ್ದಿಲ್ಲ, ಅವನ ಸರದಿಯೂ ಉಳಿದಿದೆ. ನಾಲ್ವರೂ ಒಂದೇ ಬಗೆಯ ಹೊಡೆತ ಕೊಡುವವರಾಗಿದ್ದರೆ ಮೂರನೆಯದಕ್ಕೆ ಕವಚ ಹೋಗಿ, ನಾಲ್ಕನೆಯದು ಜೀವಕ್ಕೆ ತಗುಲುತ್ತದೆ. ಆ ನಾಲ್ಕನೆಯದು ಕೆಡವುವ ಹೊಡೆತವಾದರೆ ಅವನ ಸರದಿಯೂ ಹೋಯಿತು. ‘ಎಲ್ಲ ಬಗೆಯವರೂ ಒಬ್ಬೊಬ್ಬರು ಇರಲಿ’ ಎಂದು ಪಾರ್ಟಿ (ತಂಡ) ಕಟ್ಟಿದವರು ಕ್ಲಾಸಿಕ್ ಮಟ್ಟದಲ್ಲೂ ಒದ್ದಾಡುವುದು ಇದಕ್ಕೇ. ಮೊದಲ ಆಟದಲ್ಲಿ ಅಂಥ ಪಾರ್ಟಿಯೇ ಗೆಲ್ಲುವುದು ಎಂಬುದನ್ನು ಗಮನಿಸಿ. ಎರಡನೆಯದರಲ್ಲಿ ಪೂರ್ತಿ ಫಿಸಿಕಲ್ ಪಾರ್ಟಿ ಎಲ್ಲಕ್ಕಿಂತ ಸಲೀಸು. ಇಬ್ಬರಿಬ್ಬರಾಗಿ ಒಡೆಯಲೇಬೇಕೆಂದಿದ್ದರೆ, ಫಿಸಿಕಲ್‌ನವರು ಮಂತ್ರವಾದಿಗಳ ಮೇಲೆ ಬೀಳಲಿ, ಮಂತ್ರದವರು ಕಬ್ಬಿಣ ತೊಟ್ಟವರ ಮೇಲೆ. ಮಂತ್ರವಾದಿಗಳಿಗೆ ಫಿಸಿಕಲ್ ಕವಚ ತೆಳು, ಕಬ್ಬಿಣ ತೊಟ್ಟವರಿಗೆ ಮ್ಯಾಜಿಕ್ ಕವಚ ತೆಳು.

ಇದರ ಜೊತೆಗೇ ತಿಳಿದಿರಬೇಕಾದ ಇನ್ನೊಂದು: ವಾರ್‌ಫೇರ್ ಕೌಶಲ ಕತ್ತಿಯವರದ್ದು ಮಾತ್ರ ಎಂದು ಕಂಡರೂ, ಅದಕ್ಕೆ ಹಾಕಿದ ಪ್ರತಿ ಪಾಯಿಂಟ್ ಎಲ್ಲ ಫಿಸಿಕಲ್ ಹೊಡೆತವನ್ನೂ ಹೆಚ್ಚಿಸುತ್ತದೆ. ಬಿಲ್ಲುಗಾರ, ಚೂರಿಯವ, ಸಾವಿನ ಮಂತ್ರಗಳ ನೆಕ್ರೋಮ್ಯಾನ್ಸರ್ ಎಲ್ಲರೂ ತಮ್ಮ ಮಂತ್ರಗಳಿಗೆ ಬೇಕಾದ ಒಂದೆರಡು ಪಾಯಿಂಟ್ ಬಿಟ್ಟು ಮಿಕ್ಕದ್ದನ್ನು ಮೊದಲು ವಾರ್‌ಫೇರ್‌ಗೇ ಸುರಿಯಬೇಕು. ಬಿಲ್ಲುಗಾರ ಎತ್ತರದ ಜಾಗದಲ್ಲಿ ನಿಂತರೆ ಹೊಡೆತ ಇನ್ನೂ ಹೆಚ್ಚು. ಹಂಟ್ಸ್‌ಮನ್ ಕೌಶಲ ಹೆಚ್ಚಿಸುವುದು ಆ ಎತ್ತರದ ಲಾಭವನ್ನು.

ಆಯುಧಗಳ ವಿಷಯದಲ್ಲಿ ಎರಡನೆಯದು ಕಠೋರ. ಎರಡು ಲೆವೆಲ್ ಹಳೆಯದಾದ ಆಯುಧ ಎಷ್ಟೇ ಅಪರೂಪದ್ದಾಗಿರಲಿ, ಕೆಲಸಕ್ಕೆ ಬಾರದು. ಲೆವೆಲ್ ಏರಿದಾಗಲೆಲ್ಲ ಅಂಗಡಿಯವರ ಸರಕು ಬದಲಾಗುತ್ತದೆ, ಆಗ ಒಂದು ಸುತ್ತು ಹೋಗಿ ಬನ್ನಿ. ದುಡ್ಡು ಮೊದಲು ಆಯುಧಕ್ಕೆ, ಆಮೇಲೆ ಕವಚಕ್ಕೆ. ಎರಡು ಲೆವೆಲ್ ಮೇಲಿನ ಶತ್ರು ಕಂಡರೆ ಹಿಂದೆ ಸರಿಯಿರಿ, ಬೇರೆ ದಿಕ್ಕಿನಲ್ಲಿ ಕೆಲಸ ಇದ್ದೇ ಇರುತ್ತದೆ. ಮೊದಲನೆಯದರಲ್ಲಿ ಈ ಓಟ ಇಷ್ಟಿಲ್ಲ, ಬದಲಿಗೆ ಸವೆತದ ಕಾಟವಿದೆ: ಹೊಡೆದಂತೆ ಆಯುಧ ಸವೆಯುತ್ತದೆ, ರಿಪೇರಿ ಸುತ್ತಿಗೆಯೂ ಬ್ಲ್ಯಾಕ್‌ಸ್ಮಿಥಿಂಗ್ ಬಲ್ಲ ಒಬ್ಬನೂ ಪಾರ್ಟಿಯಲ್ಲಿ ಇರಬೇಕು.

ಎರಡನೆಯದರ ನಿಜವಾದ ದೋಷ ಬೆಂಕಿ. ಶಪಿತ ಬೆಂಕಿ ನೀರಿಗೆ ಆರುವುದಿಲ್ಲ, ಅದನ್ನು ಆಶೀರ್ವಾದ ಮಂತ್ರದಿಂದಲೇ ಶಾಂತ ಮಾಡಬೇಕು ಅಥವಾ ಟೊರ್ನೇಡೊ ಎಂಬ ಸುಂಟರಗಾಳಿ ಮಂತ್ರ ಹಾಕಿ ನೆಲ ತೊಳೆಯಬೇಕು. ರೀಪರ್ಸ್ ಕೋಸ್ಟ್‌ನ ಬ್ಲ್ಯಾಕ್‌ಪಿಟ್ಸ್ ಎಂಬ ಎಣ್ಣೆಗಣಿಯ ಕಾಳಗದಲ್ಲಿ ಪರದೆ ತುಂಬ ಉರಿ. ಯಾರು ಎಲ್ಲಿದ್ದಾರೆಂದೇ ಕಾಣುವುದಿಲ್ಲ. ಅಲ್ಲಿ ಒಬ್ಬನನ್ನು ಬದುಕಿಸಬೇಕಾದ ಹೊಣೆ ಬೇರೆ. ಗುಹೆಯಿಂದ ಹೊರಬರುವ ಮುಂಚೆ ಪಾತ್ರಗಳನ್ನು ಒಟ್ಟಿಗೆ ನಡೆಸುವ ಸರಪಳಿ ಬಿಡಿಸಿ, ಎತ್ತರದ ಜಾಗಕ್ಕೆ ಒಬ್ಬೊಬ್ಬರನ್ನೇ ಕಳಿಸಿ ನಿಲ್ಲಿಸಿದರೆ ಅರ್ಧ ಗೆದ್ದ ಹಾಗೆ. ಈ ಉಪಾಯ ಎರಡೂ ಆಟಗಳಲ್ಲಿ ನಡೆಯುತ್ತದೆ: ಒಬ್ಬ ಶತ್ರುವಿನೊಡನೆ ಮಾತಾಡುತ್ತಿರುವಾಗ ಮಿಕ್ಕ ಮೂವರನ್ನು ಬೇಕಾದಲ್ಲಿ ನಿಲ್ಲಿಸಬಹುದು. ಮಾತು ಮುಗಿದು ಕಾಳಗ ಶುರುವಾದಾಗ ಅವರು ಅಲ್ಲಿಯೇ ಇರುತ್ತಾರೆ.

ಜೊತೆಗೂಡಿ ಆಡುವ ಮಾತಿಗೆ ಬಂದರೆ ಮೊದಲನೆಯದೇ ಮೇಲು ಎಂದು ಗಟ್ಟಿಯಾಗಿ ಹೇಳಬಹುದು. ಅದು ಕಟ್ಟಿದ್ದೇ ಇಬ್ಬರಿಗಾಗಿ. ಸೈಸೀಲ್‌ನಲ್ಲಿ ಒಬ್ಬ ಕೌನ್ಸಿಲರ್‌ನ ಕೊಲೆಯ ತನಿಖೆಗೆ ಬರುವ ಇಬ್ಬರು ನಾಯಕರು ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಕೇಳುತ್ತಾರೆ: ಕಳ್ಳನನ್ನು ಬಿಡುವುದೋ ಹಿಡಿದುಕೊಡುವುದೋ, ಕೊಟ್ಟ ಮಾತು ಮುರಿಯಬಹುದೋ ಬೇಡವೋ. ಇಬ್ಬರ ಅಭಿಪ್ರಾಯ ಬೇರೆಯಾದರೆ ಕಲ್ಲು-ಕಾಗದ-ಕತ್ತರಿ ಆಡಿ ತೀರ್ಮಾನ. ಯಾರ ಕರಿಸ್ಮಾ (ಮಾತಿನ ಮೋಡಿ) ಹೆಚ್ಚೋ ಅವರು ಬೇಗ ಗೆಲ್ಲುತ್ತಾರೆ. ಉತ್ತರಗಳಿಗೆ ತಕ್ಕಂತೆ ಪಾತ್ರದ ಗುಣ ರೂಪುಗೊಂಡು, ಸಣ್ಣಪುಟ್ಟ ಲಾಭಗಳೂ ಸಿಗುತ್ತವೆ. ಅಣ್ಣತಂಗಿ, ರೂಮ್‌ಮೇಟ್‌ಗಳು, ಗಂಡಹೆಂಡತಿ ಯಾರೇ ಕೂತರೂ ಇಲ್ಲಿ ಚೆನ್ನಾಗಿ ಜಗಳವಾಗುತ್ತದೆ, ಆಟಕ್ಕೆ ಜೀವ ಬರುವುದೂ ಆಗಲೇ. ಒಬ್ಬರೇ ಆಡಿದರೆ ಎರಡೂ ಬಾಯಿಯಲ್ಲಿ ನೀವೇ ಮಾತಾಡಬೇಕು. ಎರಡನೆಯ ಪಾತ್ರಕ್ಕೆ ಕಂಪ್ಯೂಟರ್ ನಡೆಸುವ ಸ್ವಭಾವ ಕೊಡಬಹುದಾದರೂ ಅದು ಸಪ್ಪೆ.

ಎರಡನೆಯದರಲ್ಲಿ ಇಂಟರ್‌ನೆಟ್ ಮೂಲಕ ನಾಲ್ವರು ಆಡಬಹುದು. ಆದರೆ ಪ್ರತಿಯೊಬ್ಬರಿಗೂ ಸ್ವಂತ ಗುರಿ, ಎಲ್ಲರೂ ಒಂದೇ ಪಟ್ಟಕ್ಕೆ ಸ್ಪರ್ಧಿಗಳು. ನಾಲ್ವರು ನಾಲ್ಕು ದಿಕ್ಕಿಗೆ ಹೋಗಿ, ಒಬ್ಬ ಕೇಳಿದ ಸಂಭಾಷಣೆ ಇನ್ನೊಬ್ಬನಿಗೆ ಗೊತ್ತಿರದೆ, ಕಥೆ ಚೂರುಚೂರಾಗುತ್ತದೆ. ಒಬ್ಬರೇ ಆಡುವಾಗ ಇದೇ ಬರವಣಿಗೆ ಬೆಳಗುತ್ತದೆ. ಲೋಸೆ, ಸೆಬಿಲ್, ಫೇನ್, ಇಫಾನ್, ರೆಡ್ ಪ್ರಿನ್ಸ್, ಬೀಸ್ಟ್ ಎಂಬ ಆರು ಮೂಲಪಾತ್ರಗಳಲ್ಲಿ ಒಬ್ಬರಾಗಿ ನೀವು, ಮೂವರು ಜೊತೆಗೆ. ಲೋಸೆಯ ಒಳಗೆ ಇರುವವನ ಕಥೆಯನ್ನಾಗಲಿ, ಫೇನ್‌ನ ಮೂಳೆಯ ಹಿಂದಿನ ಇತಿಹಾಸವನ್ನಾಗಲಿ ಮೊದಲ ಆಟದ ಯಾವ ಸಂಗಾತಿಯೂ ಮುಟ್ಟುವುದಿಲ್ಲ. ಫೇನ್ ಸತ್ತವರ ಜಾತಿ ಎಂಬುದು ನೆನಪಿರಲಿ: ಅವನಿಗೆ ವಿಷವೇ ಮದ್ದು, ಗುಣಪಡಿಸುವ ಮಂತ್ರ ಹಾಕಿದರೆ ನೋವು. ಒಂದು ಎಚ್ಚರಿಕೆ: ಮೊದಲ ಅಂಕ ಮುಗಿಯುವಾಗ ಪಾರ್ಟಿಯಲ್ಲಿ ಇಲ್ಲದ ಮೂಲಪಾತ್ರಗಳು ಮತ್ತೆ ಸಿಗುವುದಿಲ್ಲ. ಆ ಅಂಕ ನಡೆಯುವ ಫೋರ್ಟ್ ಜಾಯ್ ದ್ವೀಪ ಬಿಡುವ ಮುಂಚೆ ನಾಲ್ವರು ಯಾರೆಂದು ಗಟ್ಟಿ ಮಾಡಿಕೊಳ್ಳಿ. ಅವರ ಕೌಶಲದ ಚಿಂತೆ ಬೇಡ, ಆಮೇಲೆ ಇನ್ನೊಂದು ಹಡಗಿನಲ್ಲಿ ಸಿಗುವ ಮಾಯಾಕನ್ನಡಿಯಲ್ಲಿ ಎಲ್ಲ ಪಾಯಿಂಟುಗಳನ್ನೂ ಪುಕ್ಕಟೆಯಾಗಿ ಮರುಹಂಚಿಕೆ ಮಾಡಬಹುದು.

ಎರಡೂ ಆಟಗಳಲ್ಲಿ ಶುರುವಿನಲ್ಲೇ ಒಬ್ಬರಿಗೆ ಪೆಟ್ ಪಾಲ್ ಕೊಡಿ. ಪ್ರಾಣಿಗಳ ಮಾತು ತಿಳಿಯುವ ಈ ಗುಣ ಅಲಂಕಾರಕ್ಕೆ ಇರುವುದಲ್ಲ. ಸೈಸೀಲ್‌ನಲ್ಲಿ ಸತ್ತವನ ನಾಯಿಗೆ ವಾಸನೆ ತೋರಿಸಿ ಕೊಲೆಗಾರರ ಜಾಡು ಹಿಡಿಯಬಹುದು. ಫೋರ್ಟ್ ಜಾಯ್‌ನಲ್ಲಿ ಇಲಿ, ನಾಯಿಗಳೂ ಸುಳಿವು ಕೊಡುತ್ತವೆ. ಸೈಸೀಲ್‌ನಲ್ಲಿ ಊರೊಳಗಿನ ಕೆಲಸ ಮುಗಿಸಿ ಮೂರನೇ ಲೆವೆಲ್ ಆಗುವ ತನಕ ಗೇಟು ದಾಟಬೇಡಿ, ದಾಟುವಾಗ ಪಶ್ಚಿಮದ ಕಡೆಗೆ ಹೋಗಿ. ಎರಡನೆಯದರಲ್ಲಿ ಶುರುವಿನ ಕೈದಿಗಳ ಹಡಗಿನಿಂದ ಇಳಿಯುವ ಮುಂಚೆ ಒಂದು ಹಾಸಿಗೆ ಸುರುಳಿ ಎತ್ತಿಟ್ಟುಕೊಳ್ಳಿ, ಕಾಳಗದ ಹೊರಗೆ ಅದರ ಮೇಲೆ ಒತ್ತಿದರೆ ಎಲ್ಲರ ಜೀವಬಲ ತುಂಬುತ್ತದೆ. ಫೋರ್ಟ್ ಜಾಯ್‌ನ ಕಡಲತೀರದ ಮೂರು ಮೊಸಳೆಗಳನ್ನು ಬಿಟ್ಟುಹೋಗಬೇಡಿ, ಅವುಗಳಲ್ಲೊಂದರ ಬಳಿ ಟೆಲಿಪೋರ್ಟ್ ಕೈಗವಸು ಇದೆ. ಶತ್ರುವನ್ನು ಎತ್ತಿ ಬೆಂಕಿಗೆ ಹಾಕಲು, ಬಿಲ್ಲುಗಾರನನ್ನು ಎತ್ತರದಿಂದ ಇಳಿಸಲು, ಕೈಗೆಟುಕದ ಪೆಟ್ಟಿಗೆ ತರಿಸಿಕೊಳ್ಳಲು ಅದಕ್ಕಿಂತ ಉಪಯೋಗದ್ದು ಬೇರೆ ಇಲ್ಲ.

ಮೊದಲನೆಯದರಲ್ಲಿ ಬೇಸರ ತರುವುದು ಗೋಡೆಯ ಗುಪ್ತ ಬಟನ್‌ಗಳು. ಪರ್ಸೆಪ್ಶನ್, ಅಂದರೆ ಸೂಕ್ಷ್ಮನೋಟದ ಗುಣ, ಕಡಿಮೆ ಇದ್ದರೆ ಅವು ಕಣ್ಣಿಗೇ ಬೀಳುವುದಿಲ್ಲ, ಇದ್ದ ಕೋಣೆಯಲ್ಲೇ ಗಂಟೆ ಕಳೆಯುತ್ತದೆ. ಪರ್ಸೆಪ್ಶನ್ ಹೆಚ್ಚಿಸುವ ಉಂಗುರ, ಸರ ಸಿಕ್ಕರೆ ಮಾರದೆ ಇಟ್ಟು, ಒಗಟಿನ ಕೋಣೆಗೆ ಬಂದಾಗ ಹಾಕಿಕೊಳ್ಳಿ. ಚೀಲದ ವ್ಯವಸ್ಥೆಯೂ ಹಳೆಯ ಕಾಲದ್ದು. ಎರಡನೆಯದರ ಅನುಕೂಲಗಳಿಗೆ ಒಗ್ಗಿದವರಿಗೆ ಮೊದಲನೆಯದು ತೊಡಕೆನಿಸುತ್ತದೆ. ಎರಡನ್ನೂ ಆಡುವವರು ಮೊದಲನೆಯದರಿಂದಲೇ ಶುರು ಮಾಡಲಿ ಎನ್ನುವುದು ಇದಕ್ಕೆ.

ಯಂತ್ರ ಮತ್ತು ಡೌನ್‌ಲೋಡ್ ವಿಷಯ ನಮ್ಮ ಕಡೆ ಕಡೆಗಣಿಸುವಂಥದ್ದಲ್ಲ. ಮೊದಲನೆಯದಕ್ಕೆ 10 ಜಿಬಿ ಜಾಗ, 4 ಜಿಬಿ ರ‍್ಯಾಮ್ ಸಾಕು. ಎರಡನೆಯದಕ್ಕೆ 60 ಜಿಬಿ ಜಾಗ. ರ‍್ಯಾಮ್ ಕನಿಷ್ಠ 4, ಸರಾಗವಾಗಿ ನಡೆಯಲು 8. ದಿನಕ್ಕೆ ಒಂದೂವರೆ-ಎರಡು ಜಿಬಿಯ ಮೊಬೈಲ್ ಡೇಟಾದಲ್ಲಿ ಅದು ಇಳಿಯುವ ಮಾತಲ್ಲ. ಫೈಬರ್ ಇರುವ ಮನೆಯಲ್ಲಿ ಇಳಿಸಿ ಒಯ್ಯುವುದಾದರೆ ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳಿ: ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತದೆ, ಹಾರ್ಡ್ ಡಿಸ್ಕಿಗೆ ಹಾಕಿಕೊಂಡು ರೂಮಿನಲ್ಲಿ ಇನ್‌ಸ್ಟಾಲ್ ಮಾಡಬಹುದು. ಗುಡುಗು ಶುರುವಾದರೆ ಪ್ಲಗ್ ಕೀಳುವವರು ನಾವು, ಕರೆಂಟೂ ಹೇಳಿ ಹೋಗುವುದಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಆಟೋಸೇವ್ ನಂಬಿ ಕೂರಬೇಡಿ. ಎಫ್5 ಒತ್ತಿದರೆ ಸೇವ್, ಎಫ್8 ಒತ್ತಿದರೆ ಆ ಸೇವ್‌ಗೆ ವಾಪಸ್. ಬಾಗಿಲು ತೆರೆಯುವ ಮೊದಲು, ಮಾತಿಗೆ ನಿಲ್ಲುವ ಮೊದಲು ಎಫ್5. ಆನರ್ ಮೋಡ್ ಎಂಬ ಅತಿ ಕಠಿಣ ಮಟ್ಟದಲ್ಲಿ ಸೇವ್ ಒಂದೇ, ಪಾರ್ಟಿ ಪೂರ್ತಿ ಸತ್ತರೆ ಅದೂ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಅದರ ಸಹವಾಸ ಬೇಡ.

ಎರಡನೆಯದು 2019ರಿಂದ ನಿಂಟೆಂಡೊ ಸ್ವಿಚ್‌ನಲ್ಲೂ ಇದೆ, ಸ್ಟೀಮ್‌ನ ಸೇವ್ ಅದರಲ್ಲಿ ಮುಂದುವರಿಸಬಹುದು. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿಬರುವವರಿಗೆ ಇದು ಉಪಯೋಗ, ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ಒಬ್ಬರ ಆಟಕ್ಕೆ ಅಡ್ಡಿಯಿಲ್ಲ. ಅಕ್ಷರ ಮಾತ್ರ ಸಣ್ಣದು. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಆಡುವುದಾದರೆ ಪರದೆ ಇಬ್ಭಾಗವಾಗುವುದು ಕಂಟ್ರೋಲರ್ ಮೋಡ್‌ನಲ್ಲಿ. ಎರಡು ಕಂಟ್ರೋಲರ್ ಇಟ್ಟುಕೊಳ್ಳಿ.

ಪೂರ್ತಿ ಬೆಲೆ ಕೊಡುವ ಅಗತ್ಯವಿಲ್ಲ, ಸೇಲ್‌ನಲ್ಲಿ ಎರಡೂ ಚೆನ್ನಾಗಿ ಇಳಿಯುತ್ತವೆ. ಇನ್ನೂ ಅನುಮಾನ ಉಳಿದಿದ್ದರೆ ಸ್ಟೀಮ್‌ನ ಮರುಪಾವತಿ ನಿಯಮ ಬಳಸಿಕೊಳ್ಳಿ: ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಸಿಗುತ್ತದೆ. ಆದರೆ ಎರಡನೆಯದರಲ್ಲಿ ಪಾತ್ರ ರಚನೆಗೇ ಅರ್ಧ ಗಂಟೆ ಹೋಗುತ್ತದೆ, ಹಡಗಿನಲ್ಲಿ ಮತ್ತಷ್ಟು. ಪರೀಕ್ಷೆಗಾಗಿ ಆಡುವಾಗ ಸಿದ್ಧ ಮೂಲಪಾತ್ರವೊಂದನ್ನು ಆರಿಸಿ, ಹಡಗಿನ ಭಾಗ ಬೇಗ ಮುಗಿಸಿ, ನೇರವಾಗಿ ಫೋರ್ಟ್ ಜಾಯ್‌ನಲ್ಲಿ ಒಬ್ಬಿಬ್ಬರನ್ನು ಸೇರಿಸಿಕೊಂಡು ಮೊದಲ ನಿಜವಾದ ಕಾಳಗಕ್ಕೆ ಇಳಿಯಿರಿ. ಎರಡು ಕವಚಗಳ ಲೆಕ್ಕ ಇಷ್ಟವಾಗುತ್ತದೋ ಇಲ್ಲವೋ ಅಲ್ಲಿಯೇ ಗೊತ್ತಾಗುತ್ತದೆ, ಗಡುವಿಗೆ ಇನ್ನೂ ಸಮಯ ಉಳಿದಿರುತ್ತದೆ.